ಚೆಂಡೆಯ ಪಕ್ಕದ ಕಿವಿ

ಯಕ್ಷಗಾನದ ಹಿಮ್ಮೇಳದವರೇ ಹೆಚ್ಚಾಗಿ ಕುಳಿತಿರುವ ಸಭೆ ಇದು. ಆದ್ದರಿಂದ ಮೊದಲ ಮಾತೇ ಮುಖ್ಯ ಮಾತು: ದೊಡ್ಡ ಶಬ್ದದಿಂದ ಕಿವಿ ಕಾಯಲು ಹತ್ತಿ ಸಾಲದು. ಕುಂಬಳೆ ಜಾತ್ರೆಯ ಬೆಡಿಗೆ, ಅಂದರೆ ಸುಡುಮದ್ದಿಗೆ, ಹೊರಡುವಾಗ ಮಕ್ಕಳ ಕಿವಿಗೆ ತುರುಕುವ ಹತ್ತಿಯ ಎಳೆಗಳ ನಡುವೆ ಗಾಳಿ ಆಡುತ್ತದೆ. ಗಾಳಿ ಆಡುವಲ್ಲಿ ಶಬ್ದಕ್ಕೆ ಏನು ತಡೆ?

ಚಾವಡಿಯಲ್ಲಿ ಕುಳಿತ ಅಜ್ಜನನ್ನು ನೆನಪಿಸಿಕೊಳ್ಳಿ. ಮೊಮ್ಮಗ 'ಬ್ಯಾಂಕಿನ ಸಾಲು ಉದ್ದ ಇತ್ತು' ಅಂದರೆ ಅಜ್ಜನಿಗೆ ಕೇಳುವುದು 'ಕಾಲು'. ಮೊಮ್ಮಗ ಬೊಬ್ಬೆ ಹಾಕುತ್ತಾನೆ. 'ಕಿರುಚಬೇಡ ಮಗಾ, ನನಗೆ ಕೇಳ್ತದೆ' ಅಂತ ಅಜ್ಜನಿಗೆ ಸಿಟ್ಟು. ಅಜ್ಜ ಹೇಳುವುದು ನಿಜ. ಆ, ಊ, ಓ ತಗ್ಗು ಸ್ವರಗಳು. ಅವು ಅವರಿಗೆ ಚೆನ್ನಾಗಿಯೇ ಕೇಳುತ್ತವೆ. ಸ, ಶ, ತ, ಕ, ಪ ಇವುಗಳ ಸದ್ದು ತೆಳು, ಎತ್ತರದ್ದು, ಕಳೆದುಹೋಗಿರುವುದು ಅದು. ಆಮೇಲೆ ಸಾಲು, ಕಾಲು, ಪಾಲು ಮೂರೂ ಒಂದೇ. ಕೂಗಿದರೆ 'ಆ' ದೊಡ್ಡದಾಗುತ್ತದೆ, 'ಸ' ಬರುವುದಿಲ್ಲ. ಎದುರು ಕುಳಿತು, ಮುಖಕ್ಕೆ ಬೆಳಕು ಬೀಳುವಂತೆ, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಬೇರೆ ಪದದಲ್ಲಿ ಹೇಳಿ.

ಶಬ್ದದಿಂದ ಕೆಡುವ ಕಿವಿ ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳಲ್ಲೇ ಮೊದಲು ಸೋಲುತ್ತದೆ. ಶಬ್ದವನ್ನು ಹಿಡಿಯುವ ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಟ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅವಕ್ಕೆ ಪೆಟ್ಟು ಬಿದ್ದಿದೆ ಎಂದೇ ತಿಳಿಯಿರಿ.

ಕಿವಿ ದಿನಕ್ಕೆ ಎಷ್ಟು ಹೊತ್ತು ತಾಳಬಹುದು ಎಂಬ ಲೆಕ್ಕ ಸರಳ. 85 ಡೆಸಿಬೆಲ್‌ನಲ್ಲಿ 8 ಗಂಟೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ: 88ಕ್ಕೆ 4 ಗಂಟೆ, 94ಕ್ಕೆ ಒಂದು, 100ಕ್ಕೆ ಬರೀ 15 ನಿಮಿಷ. ಈಗ 15 ಡೆಸಿಬೆಲ್ ತಗ್ಗಿಸುವ ಸಂಗೀತಗಾರರ ಪ್ಲಗ್ ಕಿವಿಗೆ ಹಾಕಿ ನೋಡಿ: ಆ 15 ನಿಮಿಷ ಮತ್ತೆ 8 ಗಂಟೆಯಾಗುತ್ತದೆ, ಬೆಳಗಿನ ಮಂಗಳದವರೆಗೆ ಸಾಕು. ಇದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ ಭಾಗವತರ ಪದವೂ ಚಕ್ರತಾಳವೂ ಸ್ಪಷ್ಟ. ಸ್ಪಂಜಿನ ಪ್ಲಗ್ ಎತ್ತರದ ಸ್ವರಗಳನ್ನು ಹೆಚ್ಚು ನುಂಗುತ್ತದೆ. ಅದು ಕಳೆ ಕೊಚ್ಚುವ ಮೆಷಿನಿಗೆ, ಕೆಂಪುಕಲ್ಲಿನ ಕೋರೆಗೆ, ಬೆಡಿಗೆ ಸರಿ.

ಅದನ್ನು ಹಾಕುವ ಕ್ರಮವೂ ತಪ್ಪುತ್ತದೆ. ಕೈ ತೊಳೆದು, ಬತ್ತಿಯ ಹಾಗೆ ಸಪೂರ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಒಳದಾರಿ ನೆಟ್ಟಗಾಗುತ್ತದೆ. ಆಗ ಒಳಸೇರಿಸಿ, ಉಬ್ಬುವ ತನಕ ಅರ್ಧ ನಿಮಿಷ ಬೆರಳಿನಿಂದ ಹಿಡಿಯಿರಿ. ಬಳಿಕ ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ನೋಡಿ. ಶಬ್ದ ಇನ್ನೂ ತುಂಬಾ ತಗ್ಗಿತು ಅಂದರೆ ಪ್ಲಗ್ ಸಡಿಲ. ತೆಗೆದು ಮತ್ತೆ ಹಾಕಿ. ಸಡಿಲ ಪ್ಲಗ್ ಅಂದರೆ ಅದೂ ಹತ್ತಿಯೇ, ಮತ್ತು ಹತ್ತಿ ಸಾಲದು.

ಬೆಡಿಯಲ್ಲಿ ದೂರವೂ ಕಾಯುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎಳೆ ಮಕ್ಕಳನ್ನು ದೊಡ್ಡ ಸದ್ದಿನ ಪಟಾಕಿಯಾದ ಗರ್ನಾಲಿನ ಹತ್ತಿರ ಒಯ್ಯಲೇಬೇಡಿ.

ಸಮಯ ಆಯಿತೆಂದು ಚೀಟಿ ಬಂದಿದೆ, ಉಳಿದದ್ದು ಬೇಗ. ಕಿವಿಗೆ ಬಿಸಿ ಎಣ್ಣೆ ಬೇಡ. ಕಿವಿಯ ತಮಟೆ ತೂತಾಗಿದ್ದರೆ ಅದು ನೇರ ನಡುಗಿವಿಗೆ ಇಳಿಯುತ್ತದೆ. ಮಳೆಗಾಲದ ರಾತ್ರಿ ಹಿಯರಿಂಗ್ ಏಡಿನ ಬ್ಯಾಟರಿ ತೆಗೆದು, ಏಡನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಮತ್ತೆ, ಬೆಳಿಗ್ಗೆ ಎದ್ದಾಗ ಒಂದು ಕಿವಿ ಫಕ್ಕನೆ ಕೇಳದಿದ್ದರೆ 'ಗುಗ್ಗೆ (ಕಿವಿಯ ಮೇಣ) ಇರಬೇಕು' ಎಂದು ವಾರ ಕಾಯಬೇಡಿ. ಅದೇ ದಿನ ಕಿವಿಯ ಡಾಕ್ಟರರಲ್ಲಿಗೆ ಹೋಗಿ; ಸ್ಟೀರಾಯ್ಡ್ ಬೇಕಾದಲ್ಲಿ ಮೊದಲ ದಿನಗಳಲ್ಲೇ ಕೊಡಬೇಕು.