ಮರಗಾಲಿನ ಗಂಟು

ಕೇಳುಗರಿಗೆ ನಮಸ್ಕಾರ.

ಮರಗಾಲಿನ ಮೇಲೆ ಕುಣಿಯುವ ಕಲಾವಿದರೊಬ್ಬರು ಆಟಕ್ಕೆ ಅಣಿಯಾಗುವುದನ್ನು ನಾನೊಮ್ಮೆ ತೀರ ಹತ್ತಿರದಿಂದ ನೋಡಿದೆ. ನೆಲದ ಮೇಲೆ ಕೂತು ಮರಗಾಲು ಕಟ್ಟಿಕೊಂಡರೆ ಮತ್ತೆ ಏಳುವುದಕ್ಕಾಗುವುದಿಲ್ಲ. ಅದಕ್ಕೇ ಅವರು ಎತ್ತರದ ಗೋಡೆಯೊಂದರ ಮೇಲೆ ಕೂತಿದ್ದರು. ಪಾದವನ್ನು ಮರದ ಮೆಟ್ಟಿನ ಮೇಲೆ ಊರಿ, ಅದರ ಮೇಲೊಂದು ಪಟ್ಟಿ ಬಿಗಿದರು. ಆಮೇಲೆ ಮೊಣಕಾಲಿನ ಕೆಳಗೆ ದಪ್ಪ ಬಟ್ಟೆ ಸುತ್ತಿ ಇನ್ನೊಂದು ಪಟ್ಟಿ. ಬಿಗಿದರು, ಸಂದಿನಲ್ಲಿ ಬೆರಳು ತೂರಿಸಿ ನೋಡಿದರು, ಬಿಚ್ಚಿದರು, ಮತ್ತೆ ಬಿಗಿದರು. ಸಡಿಲವಾದರೆ ಕಾಲೊಂದು ಕಡೆ, ಮರವೊಂದು ಕಡೆ. ಅತಿಯಾಗಿ ಬಿಗಿದರೆ ಕಾಲು ಜೋಮು ಹಿಡಿಯುತ್ತದೆ. ಕುಣಿತ ನೋಡಲು ಬಂದಿದ್ದ ನಾನು ಆ ಗಂಟನ್ನೇ ನೋಡುತ್ತ ನಿಂತುಬಿಟ್ಟೆ. ಮರಗಾಲು ಎಂದೊಡನೆ ಇವತ್ತಿಗೂ ನನಗೆ ಮೊದಲು ನೆನಪಾಗುವುದು ಅದೇ.

ಎದ್ದು ನಿಂತ ಮೇಲೆ ಅವರು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಎಡಗಾಲು, ಬಲಗಾಲು, ಎಡಗಾಲು ಎಂದು ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಹುರುಪಿಗೆ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ. ಆದರೆ ನೆಲದ ಮೇಲೆ ನಾವು ನಿಂತಾಗ ನಮ್ಮ ದೇಹವೂ ಸದಾ ತುಸು ತೂಗಾಡುತ್ತಿರುತ್ತದೆ. ಕಾಲಿನ ಗಿಣ್ಣು ಮತ್ತು ಉದ್ದನೆಯ ಪಾದ ಸೇರಿ ನಮಗೆ ಗೊತ್ತಾಗದಂತೆ ಅದನ್ನು ಸರಿಪಡಿಸುತ್ತಲೇ ಇರುತ್ತವೆ. ಮರಗಾಲಿಗೆ ಗಿಣ್ಣಿಲ್ಲ, ಪಾದವಿಲ್ಲ, ಇರುವುದು ಅಂಗೈಗಿಂತಲೂ ಚಿಕ್ಕದಾದ ಒಂದು ತುದಿ. ಹಾಗಾಗಿ ದೇಹ ವಾಲಿದ ಕಡೆಗೆ ಕಾಲನ್ನೇ ಎತ್ತಿಡಬೇಕು. ಮರಗಾಲಿನ ಮೇಲೆ ಬೀಳದಿರುವುದಕ್ಕೆ ನಡೆಯುವುದೊಂದೇ ದಾರಿ.

ಇದಕ್ಕೆ ಉಪಾಯ ಕಂಡುಕೊಂಡವರು ಫ್ರಾನ್ಸಿನ ನೈಋತ್ಯ ಭಾಗದ ಲಾಂದ್ ಪ್ರದೇಶದ ಕುರಿಗಾಹಿಗಳು. ಅಲ್ಲಿ ಒಂದು ಕಾಲಕ್ಕೆ ಕಣ್ಣು ಹಾಯಿಸಿದಷ್ಟೂ ಜೌಗು ನೆಲ, ಕುರುಚಲು ಗಿಡ. ಮಂದೆ ಎಲ್ಲಿದೆಯೆಂದು ದೂರದಿಂದಲೇ ಕಾಣಬೇಕು, ಕಾಲು ಕೆಸರಿಗಿಳಿಯಬಾರದು. ಅವರು ದಿನವಿಡೀ ಮರಗಾಲಿನ ಮೇಲೆಯೇ ಇರುತ್ತಿದ್ದರು. ಕೈಯಲ್ಲೊಂದು ಉದ್ದನೆಯ ಕೋಲು. ದಣಿವಾದರೆ ಅದನ್ನು ಬೆನ್ನ ಹಿಂದೆ ಊರಿ ಒರಗಿದರೆ ಆಯಿತು, ಮೂರು ಕಾಲಿನ ಪೀಠ. ಹಾಗೆ ಒರಗಿಕೊಂಡೇ ಉಣ್ಣೆ ಹೆಣೆಯುತ್ತಿದ್ದರು. 1857ರಲ್ಲಿ ಬಂದ ಕಾನೂನಿನಿಂದಾಗಿ ಜೌಗಿನ ನೀರು ಬಸಿದು, ಅಲ್ಲೆಲ್ಲ ಪೈನ್ ಮರ ನೆಟ್ಟರು. ಕುರಿಗಳು ಹೋದವು, ಮರಗಾಲಿನ ಕೆಲಸವೂ ಹೋಯಿತು. ಆದರೆ ಆ ವಿದ್ಯೆ ಸಾಯಲಿಲ್ಲ, ಆಟವಾಯಿತು. ಆ ಸೀಮೆಯ ಸಿಲ್ವಾಂ ದೋರ್ನೋ 1891ರಲ್ಲಿ ಪ್ಯಾರಿಸಿನಿಂದ ಮಾಸ್ಕೋವರೆಗೆ ಮರಗಾಲಿನ ಮೇಲೆಯೇ ನಡೆದರು. ಹೊಟ್ಟೆಪಾಡಿಗಾಗಿ ಕಲಿತ ನಡಿಗೆ ಹೀಗೆ ಕಲೆಯಾಗಿ ಉಳಿದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಬೆಲ್ಜಿಯಂನ ನಾಮೂರ್ ಪಟ್ಟಣದಲ್ಲಿ ಎರಡು ತಂಡಗಳು ಮರಗಾಲಿನ ಮೇಲೆ ನಿಂತು ಸೆಣಸುತ್ತವೆ. 1411ರ ದಾಖಲೆಯಲ್ಲೇ ಈ ಆಟದ ಪ್ರಸ್ತಾಪವಿದೆ. ಕೆರಿಬಿಯನ್ ದ್ವೀಪ ಟ್ರಿನಿಡಾಡಿನಲ್ಲಿ ಮರಗಾಲಿನ ಮೇಲೆ ಕುಣಿಯುವ ಮೋಕೊ ಜಂಬಿ ವೇಷದ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ. ಬರುವ ಕೇಡನ್ನು ಎಲ್ಲರಿಗಿಂತ ಮೊದಲೇ ಕಾಣುವಷ್ಟು ಎತ್ತರದ ಕಾವಲು ದೈವ ಅದು.

ಮನೆಗೂ ಕಾಲು ಕಟ್ಟುತ್ತಾರಲ್ಲ, ಈಗ ಅದರ ಮಾತು. ಬೆನಿನ್ ದೇಶದ ನೊಕುವೆ ಸರೋವರದಲ್ಲಿ ಗಾನ್‌ವಿಯೆ ಎಂಬ ಊರಿದೆ. ಜನರನ್ನು ಹಿಡಿದು ಗುಲಾಮರನ್ನಾಗಿ ಮಾರುತ್ತಿದ್ದವರಿಂದ ತಪ್ಪಿಸಿಕೊಂಡವರು ನೀರಿನ ಮೇಲೆ ಕಂಬ ನೆಟ್ಟು ಕಟ್ಟಿಕೊಂಡ ಊರು. ಅಸ್ಸಾಮಿನ ಮಿಸಿಂಗ್ ಜನರ ಚಾಂಗ್ ಘರ್ ಬ್ರಹ್ಮಪುತ್ರದ ನೆರೆಗೆ ಹೇಳಿಮಾಡಿಸಿದ ಮನೆ. ಹಿಂದಿನ ನೆರೆ ಎಲ್ಲಿಯವರೆಗೆ ಏರಿತ್ತೋ ಅದನ್ನು ನೋಡಿ ಬಿದಿರಿನ ಅಟ್ಟಣೆಯನ್ನು ಅದಕ್ಕಿಂತ ಮೇಲೆ ಕಟ್ಟುತ್ತಾರೆ. ಸ್ಪೇನಿನ ಗಲೀಸಿಯಾದಲ್ಲಿ ಧಾನ್ಯದ ಕಣಜವನ್ನು ಕಲ್ಲಿನ ಕಾಲುಗಳ ಮೇಲೆ ನಿಲ್ಲಿಸಿ, ಕಾಲಿಗೂ ಕಣಜಕ್ಕೂ ನಡುವೆ ಅಗಲವಾದ ಚಪ್ಪಟೆ ಕಲ್ಲೊಂದನ್ನು ಇಡುತ್ತಾರೆ. ಕಂಬ ಹತ್ತಿ ಬಂದ ಇಲಿ ಆ ಕಲ್ಲಿನ ಅಡಿಯಲ್ಲಿ ತಲೆಕೆಳಗಾಗಿ ನಡೆಯಲಾರದೆ ಹಿಂದಿರುಗುತ್ತದೆ. ಗಮನಿಸಿ, ಇಲ್ಲೂ ಜಾಣತನವೆಲ್ಲ ಕಾಲೂ ಮೈಯೂ ಕೂಡುವ ಜಾಗದಲ್ಲೇ ಇದೆ.

ಆ ಜಾಗವನ್ನು ಮರೆತರೆ ಏನಾಗುತ್ತದೆ? ನಗರಗಳಲ್ಲಿ ನಾವು ಸ್ಟಿಲ್ಟ್ ಪಾರ್ಕಿಂಗ್ ಎನ್ನುವುದು ಇದೇ ಮರಗಾಲನ್ನು. ಮೇಲಿನ ಮಹಡಿಗಳಿಗೆ ಇಟ್ಟಿಗೆ ಗೋಡೆಗಳ ಬಿಗುವಿರುತ್ತದೆ, ಕೆಳಗೆ ಕಾರು ನಿಲ್ಲಲಿ ಎಂದು ಬರೀ ಪಿಲ್ಲರ್‌ಗಳಿರುತ್ತವೆ. ನೆಲ ನಡುಗಿದಾಗ ಮೇಲಿನದೆಲ್ಲ ಒಂದೇ ಪೆಟ್ಟಿಗೆಯಂತೆ ಓಲಾಡುತ್ತದೆ, ಬಾಗುವ ಪಾಡೆಲ್ಲ ಆ ಪಿಲ್ಲರ್‌ಗಳದ್ದು. ಕುಣಿತಗಾರನಾದರೆ ವಾಲಿದ ಕಡೆಗೆ ಹೆಜ್ಜೆ ಇಟ್ಟಾನು. ಕಟ್ಟಡ ಹೆಜ್ಜೆ ಇಡಲಾರದು. 2001ರ ಜನವರಿ 26ರಂದು ಭುಜ್ ಭೂಕಂಪವಾದಾಗ, 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಇಂಥ ಬಹುಮಹಡಿ ಕಟ್ಟಡಗಳು ಕುಸಿದು ಜನ ಸತ್ತರು. ಭೂಕಂಪ ತಾಳುವಂತೆ ಕಟ್ಟಡ ಕಟ್ಟುವ ನಿಯಮಗಳಿರುವ ಭಾರತೀಯ ಮಾನಕವನ್ನು ಮರುವರ್ಷ ಪರಿಷ್ಕರಿಸಿದಾಗ ಅದರಲ್ಲಿ, ಇಂಥ ಮಹಡಿಯ ಪಿಲ್ಲರ್ ಮತ್ತು ಬೀಮುಗಳನ್ನು ಲೆಕ್ಕಕ್ಕೆ ಬಂದ ಬಲದ 2.5 ಪಟ್ಟಿಗೆ ವಿನ್ಯಾಸ ಮಾಡಬೇಕು, ಇಲ್ಲವೇ ಕಾಂಕ್ರೀಟ್ ಗೋಡೆಗಳ ಆಸರೆ ಕೊಡಬೇಕು ಎಂದು ಬರೆದರು.

ಬರೆದದ್ದು ಕಂಬಿ ಕಟ್ಟುವವರ ಕೈಗೆ ತಲುಪಬೇಕು. ಪಿಲ್ಲರ್‌ನ ಉದ್ದಗಂಬಿಗಳ ಸುತ್ತ ಚೌಕಾಕಾರದ ರಿಂಗುಗಳನ್ನು ಹಾಕಿ ಕಟ್ಟುತ್ತಾರೆ, ನೋಡಿರುತ್ತೀರಿ. ಪಿಲ್ಲರ್ ಬೀಮಿಗೆ ಸೇರುವ ಕಡೆ ಆ ರಿಂಗುಗಳು ಒತ್ತೊತ್ತಾಗಿರಬೇಕು. ರಿಂಗಿನ ಕೊಕ್ಕೆಯನ್ನು 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ನಡುಕಕ್ಕೆ ಬಾಯಿ ಬಿಡುತ್ತದೆ, 135 ಡಿಗ್ರಿಗೆ ಒಳಮುಖವಾಗಿ ಬಗ್ಗಿಸಿದರೆ ಕಾಂಕ್ರೀಟಿನ ಒಡಲನ್ನು ಹಿಡಿದುಕೊಳ್ಳುತ್ತದೆ. ಬಗ್ಗಿಸುವವರಿಗೆ ಅದು ಕೈಯ ಇನ್ನೊಂದು ಅರ್ಧ ತಿರುವಷ್ಟೇ. ಕಾಂಕ್ರೀಟ್ ಬಿದ್ದ ಮೇಲೆ ಆ ಕೊಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೀವು ಮನೆ ಕಟ್ಟಿಸುತ್ತಿದ್ದರೆ, ಕಾಂಕ್ರೀಟ್ ಹಾಕುವ ಹಿಂದಿನ ದಿನ ಹೋಗಿ ಬಗ್ಗಿ ನೋಡಿ.

ನಮಸ್ಕಾರ.