‘ಫಾರ್ಮ್ಯಾಟ್ ಮಾಡಿ’ ಅನ್ನೋ ಹಾರ್ಡ್ ಡಿಸ್ಕ್‌ನಿಂದ ಫೈಲ್ ವಾಪಸ್ ತೆಗೆಯೋದು ಹೇಗೆ?

[ಪರದೆ: ಈ ಡಿಸ್ಕ್ ಬಳಸೋ ಮೊದಲು ಫಾರ್ಮ್ಯಾಟ್ ಮಾಡಬೇಕು ಅನ್ನೋ ವಿಂಡೋಸ್ ಸಂದೇಶ]

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿದ ಕೂಡಲೇ ಈ ಸಂದೇಶ ಬಂದರೆ ಕ್ಯಾನ್ಸಲ್ ಒತ್ತಿ. ಒಳಗಿರೋ ಮದುವೆ ವಿಡಿಯೋ, ಮಕ್ಕಳ ಫೋಟೊ, ಅಂಗಡಿ ಲೆಕ್ಕ ಈ ಹೊತ್ತಿಗೆ ಬಹುತೇಕ ಇದ್ದಲ್ಲೇ ಇರುತ್ತೆ. ಅದು ಎಲ್ಲಿದೆ ಅನ್ನೋದು ಮಾತ್ರ ವಿಂಡೋಸ್‌ಗೆ ತಿಳೀತಿಲ್ಲ. ಫೈಲ್‌ಗಳು ನಿಜವಾಗಿ ನಾಶ ಆಗೋದು ಸಾಮಾನ್ಯವಾಗಿ ಇದಾದ ಮೇಲೆ, ಗಾಬರೀಲಿ ಮಾಡೋ ಕೆಲಸಗಳಿಂದ.

ಮೊದಲನೇದು ಫಾರ್ಮ್ಯಾಟ್. ವಿಂಡೋಸ್ ವಿಸ್ಟಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಅಂದರೆ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯೋದು. ಅದಾದ ಮೇಲೆ ಯಾವ ಡೇಟಾ ರಿಕವರಿ ಲ್ಯಾಬ್ ಕೂಡ ಏನೂ ತೆಗೆಯೋಕಾಗಲ್ಲ. ಕ್ವಿಕ್ ಫಾರ್ಮ್ಯಾಟ್ ಆದರೆ ಪರವಾಗಿಲ್ಲ ಅನ್ನೋರಿದ್ದಾರೆ, ಹಳೇ ಡಿಸ್ಕ್‌ಗಳ ಮಟ್ಟಿಗೆ ಆ ಮಾತು ಸರಿ. ಈಗಿನ ಜೇಬಿನಲ್ಲಿಡೋ ಡಿಸ್ಕ್‌ಗಳಲ್ಲಿ ಬಹಳಷ್ಟು ಎಸ್‌ಎಂಆರ್ ತಂತ್ರಜ್ಞಾನದವು, ಅಂದರೆ ಒಂದು ಟ್ರ್ಯಾಕ್‌ನ ಅಂಚಿನ ಮೇಲೆ ಇನ್ನೊಂದನ್ನ ಬರೆಯುವಂಥವು. ಇವುಗಳಲ್ಲಿ ಕೆಲವು ಎಸ್‌ಎಸ್‌ಡಿಯ ಹಾಗೆ ಟ್ರಿಮ್ ಆದೇಶಾನೂ ಪಾಲಿಸ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ‘ಇಷ್ಟೂ ಜಾಗ ಖಾಲಿ’ ಅನ್ನೋ ಸೂಚನೆ ಡಿಸ್ಕ್‌ಗೆ ಹೋದರೆ, ಆಮೇಲೆ ಓದಿದ್ದೆಲ್ಲ ಸೊನ್ನೆ. ಡಿಟಿಎಚ್ ಸೆಟ್‌ಟಾಪ್ ಬಾಕ್ಸ್‌ಗೆ ಡಿಸ್ಕ್ ಸಿಕ್ಕಿಸಿ, ರೆಕಾರ್ಡಿಂಗ್‌ಗೆ ಅಂತ ಅದು ಕೇಳೋ ಫಾರ್ಮ್ಯಾಟ್‌ಗೆ ಒಪ್ಪಿಗೆ ಕೊಟ್ಟರೂ ಅಪಾಯ ಇಷ್ಟೇ.

ಎರಡನೇದು ಚೆಕ್‌ಡಿಸ್ಕ್, ಡಿಸ್ಕ್ ತಪಾಸಣೆಗೆ ವಿಂಡೋಸ್‌ನಲ್ಲೇ ಇರೋ ಸಾಧನ. ಅದರ ಕೆಲಸ ಫೈಲ್ ಸಿಸ್ಟಂ, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನ ಜೋಡಿಸಿಡೋ ವ್ಯವಸ್ಥೆ ಸರಿ ಮಾಡೋದು, ನಿಮ್ಮ ಫೈಲ್ ಉಳಿಸೋದು ಅದರ ಜವಾಬ್ದಾರಿಯೇ ಅಲ್ಲ. ಲೆಕ್ಕಕ್ಕೆ ಹೊಂದದ ನಮೂದುಗಳನ್ನ ಅಳಿಸಿ, ಉಳಿದ ತುಣುಕುಗಳನ್ನ ಫೌಂಡ್ ಡಾಟ್ ಸೊನ್ನೆ ಸೊನ್ನೆ ಸೊನ್ನೆ ಅನ್ನೋ ಫೋಲ್ಡರ್‌ಗೆ ಹಾಕುತ್ತೆ. ಸೆಕ್ಟರ್‌ಗಳೇ, ಅಂದರೆ ಡೇಟಾ ಕೂರೋ ಪುಟ್ಟ ಜಾಗಗಳೇ, ಹಾಳಾಗಿರೋ ಡಿಸ್ಕ್ ಮೇಲೆ ಅದನ್ನ ಗಂಟೆಗಟ್ಟಲೆ ಓಡಿಸಿದರೆ ಡೇಟಾ ಓದೋ ಹೆಡ್‌ಗಳೇ ಸೋಲಬಹುದು.

ಡಿಸ್ಕ್ ಇನಿಶಿಯಲೈಸ್ ಮಾಡಲೇ ಅಂತ ವಿಂಡೋಸ್ ಕೇಳಿದರೂ ಬೇಡ ಅನ್ನಿ. ಅದು ಹೊಸ ಪಾರ್ಟಿಶನ್ ಟೇಬಲ್, ಅಂದರೆ ಡಿಸ್ಕ್‌ನ ಯಾವ ಭಾಗ ಎಲ್ಲಿ ಅನ್ನೋ ಪಟ್ಟಿ, ಬರೆಯುತ್ತೆ. ಮೂಲ ಡಿಸ್ಕ್ ಮೇಲೆ ಒಂದಕ್ಷರಾನೂ ಬರೀಬಾರದು. ಈ ವಿಡಿಯೋದಲ್ಲಿ ಮುಂದೆ ಹೇಳೋದೆಲ್ಲ ಈ ನಿಯಮದ ಮೇಲೇ ನಿಂತಿದೆ.

[ಪರದೆ: ಮೈಕ್ರೋ-ಬಿ ಕೇಬಲ್‌ನ ಹತ್ತಿರದ ಚಿತ್ರ]

ಈಗ ತೊಂದರೆ ಎಲ್ಲಿದೆ ನೋಡೋಣ. ಮೊದಲು ಕೇಬಲ್. ಈ ಅಗಲವಾದ ಚಪ್ಪಟೆ ಯುಎಸ್‌ಬಿ 3.0 ಮೈಕ್ರೋ-ಬಿ ಕನೆಕ್ಟರ್ ಬೇಗ ಸಡಿಲ ಆಗುತ್ತೆ. ಬೇರೆ ಕೇಬಲ್, ಬೇರೆ ಪೋರ್ಟ್, ಸಾಧ್ಯವಾದರೆ ಬೇರೆ ಕಂಪ್ಯೂಟರ್ ಪ್ರಯತ್ನಿಸಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಕೊಡಬೇಕಾದ್ದು 900. ಹಬ್ ಮೂಲಕ ಹಾಕಿದರೆ ಈ ಕರೆಂಟ್ ನಾಲ್ಕು ಸಾಧನಗಳಿಗೆ ಹಂಚಿಹೋಗಬಹುದು. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂಬದಿಯದಕ್ಕೆ ಹಾಕಿ. 3.5 ಇಂಚಿನ ದೊಡ್ಡ ಡಿಸ್ಕ್‌ಗೆ 12 ವೋಲ್ಟ್ ಅಡಾಪ್ಟರ್ ಬೇಕು. ಅಡಾಪ್ಟರ್ ಸೊರಗಿದರೂ ಡಿಸ್ಕ್ ಸತ್ತ ಹಾಗೆ ಕಾಣುತ್ತೆ.

ಆಮೇಲೆ ಕಿವಿಗೊಟ್ಟು ಕೇಳಿ. ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬಂದರೆ, ಕೆರೆದ ಹಾಗೆ ಕೇಳಿದರೆ, ಅಥವಾ ಕೆಳಗೆ ಬಿದ್ದ ಡಿಸ್ಕ್ ತಿರುಗದೆ ಬರೀ ಗುಂಯ್ ಅಂದರೆ ತಕ್ಷಣ ಕಿತ್ತುಬಿಡಿ. ತಿರುಗೋ ತಟ್ಟೆಯಿಂದ ಹೆಡ್ ಇರೋ ಎತ್ತರ ಕೆಲವೇ ನ್ಯಾನೋಮೀಟರ್. ಬಾಗಿದ ಹೆಡ್ ಪ್ರತಿ ಸುತ್ತಿಗೂ ತಟ್ಟೆಯ ಮೇಲ್ಮೈಯನ್ನ ಕೆರೆದು ಪುಡಿ ಮಾಡುತ್ತೆ, ಆ ಪುಡಿಯಲ್ಲಿ ಹೋದ ಫೋಟೊ ಮತ್ತೆ ಬರಲ್ಲ. ಫ್ರಿಜ್‌ನಲ್ಲಿಡೋದು ಬೇಡ: ಹೊರಗೆ ತೆಗೆದಾಗ ತೇವ ಕಟ್ಟುತ್ತೆ. ಮನೇಲಿ ಮುಚ್ಚಳ ಬಿಚ್ಚೋದಂತೂ ಬೇಡವೇ ಬೇಡ. ಇಂಥ ಡಿಸ್ಕ್ ಲ್ಯಾಬ್‌ಗೇ ಹೋಗಬೇಕು.

[ಪರದೆ: ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿ, ನಂತರ ಕ್ರಿಸ್ಟಲ್‌ಡಿಸ್ಕ್‌ಇನ್ಫೊ]

ಸದ್ದು ಮಾಮೂಲಾಗಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. 1 ಟಿಬಿ ಡಿಸ್ಕ್ ಅಲ್ಲಿ ಸುಮಾರು 931 ಜಿಬಿ ಅಂತ ತೋರಿಸಬೇಕು. ಗಾತ್ರ ಸರಿಯಾಗಿದ್ದು ಫೈಲ್ ಸಿಸ್ಟಂ ಜಾಗದಲ್ಲಿ ‘ರಾ’ ಅಂತಿದ್ದರೆ ಶುಭಲಕ್ಷಣ. ಬಹುಮಟ್ಟಿಗೆ ಬೂಟ್ ಸೆಕ್ಟರ್, ಅಂದರೆ ಪಾರ್ಟಿಶನ್‌ನ ಮೊದಲ ಸೆಕ್ಟರ್, ಅಥವಾ ಎಂಎಫ್‌ಟಿ ಕೆಟ್ಟಿರುತ್ತೆ. ಎಂಎಫ್‌ಟಿ ಅಂದರೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಂನಲ್ಲಿ ಪ್ರತಿ ಫೈಲ್‌ನ ಹೆಸರು, ಗಾತ್ರ, ಜಾಗ ಬರೆದಿಡೋ ಪಟ್ಟಿ. ಕಾಪಿ ಆಗ್ತಿರುವಾಗಲೇ ಕೇಬಲ್ ಎಳೆದರೆ ಈ ಪಟ್ಟಿ ಅರ್ಧಂಬರ್ಧ ಬರೆದ ಸ್ಥಿತೀಲಿ ಉಳಿದುಬಿಡುತ್ತೆ. ಗಾತ್ರ ಸೊನ್ನೆ ಅಂತ ಬಂದರೆ ವಿಷಯ ಬೇರೆ: ಡಿಸ್ಕ್‌ನ ಒಳಗೇ ಇರೋ ಸಾಫ್ಟ್‌ವೇರ್ ಆದ ಫರ್ಮ್‌ವೇರೋ ಯುಎಸ್‌ಬಿ ಬೋರ್ಡೋ ಕೈಕೊಟ್ಟಿದೆ, ಯಾವ ರಿಕವರಿ ಸಾಫ್ಟ್‌ವೇರೂ ಉಪಯೋಗಕ್ಕೆ ಬರಲ್ಲ.

ಇನ್ನು ಡಿಸ್ಕ್‌ನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೊ. ಉಚಿತ, ಬರೀ ಓದುತ್ತೆ. ನೋಡಬೇಕಾದ್ದು ನಾಲ್ಕು ಸಾಲು. 05 ಅಂದರೆ ಈಗಾಗಲೇ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. ಸಿ5 ಅಂದರೆ ಓದೋಕಾಗದೆ ಕಾಯ್ತಿರೋವು, ಸಿ6 ಅಂದರೆ ಓದೋಕೆ ಆಗಲೇ ಇಲ್ಲ ಅಂತ ಖಚಿತ ಆದವು. ಸಿ7 ಸಾಮಾನ್ಯವಾಗಿ ಕನೆಕ್ಷನ್ ದೋಷ. ಈ ಸಾಲುಗಳ ಅಂಕಿ, ಅಂದರೆ ರಾ ವ್ಯಾಲ್ಯೂ, ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ಕಾಣುತ್ತೆ, ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಿ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಫೈಲ್ ಸಿಸ್ಟಂ ಕೆಡೋಕೆ ಕಾರಣ ಬಹುಶಃ ಆ ಸೆಕ್ಟರ್‌ಗಳೇ. ಆಗ ವಿಂಡೋಸ್‌ನಲ್ಲಿ ಇನ್ನು ಒಂದು ನಿಮಿಷಾನೂ ಆ ಡಿಸ್ಕ್ ಇಟ್ಟುಕೊಳ್ಳಬೇಡಿ. ವಿಂಡೋಸ್ ಕೆಟ್ಟ ಜಾಗವನ್ನೇ ಮತ್ತೆ ಮತ್ತೆ ಓದೋಕೆ ನೋಡಿ ಡಿಸ್ಕ್‌ನ ದಣಿಸುತ್ತೆ.

[ಪರದೆ: ಸಿಸ್ಟಂರೆಸ್ಕ್ಯೂ ಬೂಟ್ ಆಗ್ತಿರೋದು]

ಈಗ ಮುಖ್ಯ ಕೆಲಸ, ಇಡೀ ಡಿಸ್ಕ್‌ನ ಇಮೇಜ್ ತೆಗೆಯೋದು, ಅಂದರೆ ಡಿಸ್ಕ್‌ನಲ್ಲಿರೋದನ್ನೆಲ್ಲ ಇದ್ದ ಹಾಗೇ ಒಂದು ದೊಡ್ಡ ಫೈಲ್‌ಗೆ ನಕಲು ಮಾಡೋದು. ಸಿ5 ಸೊನ್ನೆ ಇದ್ದರೂ ಇದನ್ನ ಬಿಡಬೇಡಿ. 1 ಟಿಬಿ ಡಿಸ್ಕ್‌ಗೆ 2 ಟಿಬಿಯ ಖಾಲಿ ಡಿಸ್ಕ್ ಬೇಕು: ಇಮೇಜೇ 1 ಟಿಬಿ ಹಿಡಿಯುತ್ತೆ, ಅದರಿಂದ ತೆಗೆಯೋ ಫೈಲ್‌ಗಳಿಗೂ ಜಾಗ ಬೇಕಲ್ಲ. ಹೊಸ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಫ್ಯಾಟ್32 ಆದರೆ ಒಂದು ಫೈಲ್ 4 ಜಿಬಿ ಮುಟ್ಟೋ ಹೊತ್ತಿಗೆ ಕೆಲಸ ನಿಂತುಹೋಗುತ್ತೆ.

ಸಿಸ್ಟಂರೆಸ್ಕ್ಯೂ ಅನ್ನೋ ಉಚಿತ ಲಿನಕ್ಸ್‌ನ ರೂಫಸ್ ಬಳಸಿ ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಇಮೇಜ್ ತೆಗೆಯೋ ಡಿಡಿರೆಸ್ಕ್ಯೂ, ಅದರಿಂದ ಫೈಲ್ ತೆಗೆಯೋ ಟೆಸ್ಟ್‌ಡಿಸ್ಕ್ ಎರಡೂ ಅದರಲ್ಲೇ ಇವೆ. ಎಲ್‌ಎಸ್‌ಬಿಎಲ್‌ಕೆ ಅಂತ ಟೈಪ್ ಮಾಡಿದರೆ ಡಿಸ್ಕ್‌ಗಳ ಪಟ್ಟಿ ಬರುತ್ತೆ. ಗಾತ್ರ ನೋಡಿ ಯಾವುದು ಹಾಳಾದ್ದು, ಯಾವುದು ಹೊಸದು ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಇಲ್ಲಿ ಹಾಳಾದ್ದು ಎಸ್‌ಡಿಬಿ, ಹೊಸದು ಎಸ್‌ಡಿಸಿ. ಹೊಸದನ್ನ ಮಾತ್ರ ಮೌಂಟ್ ಮಾಡಿ, ಅಂದರೆ ಲಿನಕ್ಸ್‌ನ ಒಂದು ಫೋಲ್ಡರ್‌ಗೆ ಜೋಡಿಸಿ, ಆ ಫೋಲ್ಡರ್ ಒಳಗೆ ಹೋಗಿ.

[ಪರದೆ: ಡಿಡಿರೆಸ್ಕ್ಯೂ ಕಮಾಂಡ್, ದೊಡ್ಡ ಅಕ್ಷರದಲ್ಲಿ]

ಕಮಾಂಡ್ ಹೀಗಿದೆ: ಡಿಡಿರೆಸ್ಕ್ಯೂ, ಹೈಫನ್ ಡಿ, ಹೈಫನ್ ಎನ್, ಆಮೇಲೆ ಹಾಳಾದ ಡಿಸ್ಕ್, ಇಮೇಜ್ ಫೈಲ್‌ನ ಹೆಸರು, ಮ್ಯಾಪ್ ಫೈಲ್‌ನ ಹೆಸರು. ಕ್ರಮ ಇದೇ ಇರಬೇಕು. ಡಿಸ್ಕ್‌ನ ಹೆಸರಿನ ಕೊನೇಲಿ ಅಂಕಿ ಬೇಡ, ನಮಗೆ ಒಂದು ಪಾರ್ಟಿಶನ್ ಸಾಲದು, ಇಡೀ ಡಿಸ್ಕ್ ಬೇಕು. ಹೈಫನ್ ಎಫ್ ಅಂತೂ ಸೇರಿಸಲೇಬೇಡಿ. ನೀವು ತಪ್ಪಿ ಹೆಸರುಗಳನ್ನ ಅದಲುಬದಲು ಮಾಡಿದರೆ, ಡಿಸ್ಕ್ ಮೇಲೆ ನೇರ ಬರೆಯೋಕೆ ಡಿಡಿರೆಸ್ಕ್ಯೂ ಒಪ್ಪಲ್ಲ. ಹೈಫನ್ ಎಫ್ ಹಾಕಿದರೆ ಆ ಕಾವಲು ಹೋಗುತ್ತೆ.

ಇದು ಚೆನ್ನಾಗಿರೋ ಭಾಗವನ್ನ ಮೊದಲು ಬಾಚಿಕೊಳ್ಳುತ್ತೆ, ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದಕ್ಕೆ ಹೋಗುತ್ತೆ. ಸೆಕೆಂಡಿಗೆ 100 ಎಂಬಿ ವೇಗ ಇದ್ದರೆ 1 ಟಿಬಿಗೆ ಮೂರು ಗಂಟೆಗಿಂತ ಸ್ವಲ್ಪ ಕಡಿಮೆ, ಯುಎಸ್‌ಬಿ 2.0 ಪೋರ್ಟ್ ಆದರೆ ಸುಮಾರು ಎಂಟು ಗಂಟೆ. ಎಲ್ಲೆಲ್ಲಿ ಓದಿ ಆಯ್ತು ಅನ್ನೋದು ಮ್ಯಾಪ್ ಫೈಲ್‌ನಲ್ಲಿರುತ್ತೆ. ಕರೆಂಟ್ ಹೋದರೂ ಅದೇ ಕಮಾಂಡ್ ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಶುರು. ಆದರೆ ಸಿಸ್ಟಂರೆಸ್ಕ್ಯೂ ರ್‍ಯಾಮ್‌ನಲ್ಲಿ ಓಡುತ್ತೆ ಅನ್ನೋದು ನೆನಪಿರಲಿ. ಹೊಸ ಡಿಸ್ಕ್‌ನ ಫೋಲ್ಡರ್ ಒಳಗೆ ಹೋಗೋದು ಮರೆತಿದ್ದರೆ ಇಮೇಜ್ ರ್‍ಯಾಮ್‌ಗೆ ಬಿದ್ದು ಸ್ವಲ್ಪ ಹೊತ್ತಿಗೇ ಜಾಗ ತುಂಬುತ್ತೆ, ಮ್ಯಾಪ್ ಫೈಲೂ ರೀಸ್ಟಾರ್ಟ್‌ಗೆ ಮಾಯ.

ಡಿಸ್ಕ್ ಸಮತಟ್ಟಾದ ಜಾಗದಲ್ಲಿರಲಿ, ಓಡುವಾಗ ಅಲ್ಲಾಡಿಸಬೇಡಿ. 50 ಡಿಗ್ರಿ ದಾಟಿದರೆ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ತಣ್ಣಗಾಗಲು ಬಿಡಿ, ಟೇಬಲ್ ಫ್ಯಾನ್ ಹಾಕಿ ಮುಂದುವರಿಸಿ. ವೇಗ ಎಂಬಿಯಿಂದ ಕೆಬಿಗೆ ಇಳಿದು ಹಾಗೇ ನಿಂತುಬಿಟ್ಟರೆ, ಅಥವಾ ಟಕ್ ಟಕ್ ಶುರುವಾದರೆ, ಹಟ ಹಿಡೀಬೇಡಿ. ಅಲ್ಲಿವರೆಗೆ ಬಂದದ್ದು ನಿಮ್ಮ ಕೈಲಿದೆ, ಉಳಿದದ್ದನ್ನ ಲ್ಯಾಬ್‌ಗೆ ಬಿಡಿ.

ಮೊದಲ ಸುತ್ತು ಮುಗಿದ ಮೇಲೆ ಹೈಫನ್ ಎನ್ ತೆಗೆದು, ಹೈಫನ್ ಆರ್ 3 ಹಾಕಿ, ಅದೇ ಇಮೇಜ್, ಅದೇ ಮ್ಯಾಪ್ ಹೆಸರಿನಲ್ಲಿ ಮತ್ತೆ ಓಡಿಸಿ. ಕೆಟ್ಟ ಜಾಗಗಳನ್ನ ಈಗ ಸಣ್ಣಸಣ್ಣದಾಗಿ, ಮೂರು ಸಲದವರೆಗೆ ಕೆದಕುತ್ತೆ. ಶೇ. 99.9 ಬಂತು ಅಂತ ಕಂಡರೆ 1 ಟಿಬಿಯಲ್ಲಿ ಇನ್ನೂ 1 ಜಿಬಿ ಬಂದಿಲ್ಲ ಅಂತ ಅರ್ಥ. ಅದು ಖಾಲಿ ಜಾಗದ್ದೋ ಫೋಟೊಗಳದ್ದೋ ಫೈಲ್ ತೆರೆದಾಗಲೇ ಗೊತ್ತಾಗೋದು.

[ಪರದೆ: ಟೆಸ್ಟ್‌ಡಿಸ್ಕ್]

ಇಮೇಜ್ ಸಿಕ್ಕಿತು, ಮೂಲ ಡಿಸ್ಕ್ ಕಿತ್ತಿಡಿ. ಇನ್ನು ತಪ್ಪಾದರೂ ಹಾಳಾಗೋದು ನಕಲು.

ಟೆಸ್ಟ್‌ಡಿಸ್ಕ್‌ಗೆ ಇಮೇಜ್ ಫೈಲ್‌ನ ಹೆಸರು ಕೊಟ್ಟು ತೆರೆಯಿರಿ. ಪಾರ್ಟಿಶನ್ ಬಗೆಯನ್ನ ಅದೇ ಊಹಿಸುತ್ತೆ, ಒಪ್ಪಿಕೊಳ್ಳಿ. ಪಾರ್ಟಿಶನ್ ಟೇಬಲ್ಲೇ ಹೋಗಿದ್ದರೆ ಅನಲೈಸ್, ಕ್ವಿಕ್ ಸರ್ಚ್. ಟೇಬಲ್ ಚೆನ್ನಾಗಿದ್ದು ‘ರಾ’ ಮಾತ್ರ ಬರ್ತಿದ್ದರೆ ಅಡ್ವಾನ್ಸ್ಡ್, ಆಮೇಲೆ ಬೂಟ್. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರ್‌ನ ಇನ್ನೊಂದು ಪ್ರತಿಯನ್ನ ಪಾರ್ಟಿಶನ್‌ನ ಕೊಟ್ಟಕೊನೆಯ ಸೆಕ್ಟರ್‌ನಲ್ಲಿ ಇಟ್ಟಿರುತ್ತೆ. ಮೂಲದ್ದು ಬ್ಯಾಡ್, ಬ್ಯಾಕಪ್ ಓಕೆ ಅಂತ ತೋರಿಸಿದರೆ ಬ್ಯಾಕಪ್ ಬಿಎಸ್ ಒತ್ತಿ. ಆಮೇಲೆ ಲಿಸ್ಟ್‌ಗೆ ಹೋಗಿ. ಫೋಲ್ಡರ್‌ಗಳು ಹೆಸರಿನ ಸಮೇತ ಕಂಡರೆ ಸಣ್ಣಕ್ಷರದ ಎ ಒತ್ತಿದಾಗ ಎಲ್ಲ ಆಯ್ಕೆ ಆಗುತ್ತೆ, ದೊಡ್ಡಕ್ಷರದ ಸಿ ಒತ್ತಿದಾಗ ಕಾಪಿ. ಸಣ್ಣ ಸಿ ಒತ್ತಿದರೆ ಕರ್ಸರ್ ಇರೋ ಒಂದೇ ಐಟಂ ಕಾಪಿ ಆಗುತ್ತೆ. ‘ಕಾಪಿ ಆಯ್ತಲ್ಲ’ ಅಂದುಕೊಂಡು ಬಹಳ ಜನ ಇಲ್ಲೇ ಎಡವೋದು.

ಕಪ್ಪು ಪರದೆ ಒಗ್ಗದವರು ವಿಂಡೋಸ್‌ನಲ್ಲಿ ಡಿಎಂಡಿಇ ಅನ್ನೋ ರಿಕವರಿ ಸಾಫ್ಟ್‌ವೇರ್ ಬಳಸಿ ಅದೇ ಇಮೇಜ್ ತೆರೆಯಬಹುದು. ಉಚಿತ ಆವೃತ್ತಿಯಲ್ಲಿ ಸಲಕ್ಕೆ ಒಂದು ಫೋಲ್ಡರ್‌ನ 4000 ಫೈಲ್‌ವರೆಗೆ ತೆಗೆಯೋಕೆ ಬಿಡುತ್ತೆ. ಮನೆಬಳಕೆಗೆ ಧಾರಾಳ ಸಾಕು.

[ಪರದೆ: ಫೋಟೊರೆಕ್ ಫೋಲ್ಡರ್‌ಗಳು]

ಎಂಎಫ್‌ಟಿ ಪಟ್ಟಿಯೇ ಪೂರ್ತಿ ಹೋಗಿದ್ದರೆ ಫೋಟೊರೆಕ್ ಅನ್ನೋ ಸಾಫ್ಟ್‌ವೇರ್, ಕೊನೇ ಅಸ್ತ್ರ. ಅದು ಹೆಸರು ನೋಡಲ್ಲ, ಪ್ರತಿ ಬಗೆಯ ಫೈಲ್ ಶುರುವಾಗೋ ಗುರುತನ್ನ ಹುಡುಕುತ್ತೆ. ಜೆಪೆಗ್ ಫೋಟೊಗಳು ಚೆನ್ನಾಗೇ ಬರ್ತವೆ. ದೊಡ್ಡ ವಿಡಿಯೋ ಡಿಸ್ಕ್‌ನಲ್ಲಿ ತುಂಡುತುಂಡಾಗಿ ಕೂತಿದ್ದರೆ ಮುರಿದೇ ಬರುತ್ತೆ. ಹೆಸರು, ಫೋಲ್ಡರ್ ಎರಡೂ ಹೋಗಿರುತ್ತೆ.

ಇಲ್ಲೇ ಕನ್ನಡದವರಿಗೆ ಒಂದು ಮಾತು ಹೇಳಲೇಬೇಕು. ವಾಪಸ್ ಬಂದ ಹಳೇ ವರ್ಡ್ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರೋ ಎ ಕಂಡರೆ ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ. ಅದು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಈ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಫಾಂಟ್ ಹಾಕಿದರೆ ಕನ್ನಡ ಬರುತ್ತೆ. ಹೆಸರು ಕಳಕೊಂಡ ನೂರಾರು ಫೈಲ್‌ಗಳಲ್ಲಿ ಒಂದು ಪದ ಹುಡುಕುವಾಗಲೂ ಇದೇ ತೊಡಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗಲ್ಲ. ಹಾಗೆ ತೆರೆದ ಒಂದು ಫೈಲ್‌ನಿಂದ ಆ ಪದವನ್ನೇ ಕಾಪಿ ಮಾಡಿ ಸರ್ಚ್‌ಗೆ ಹಾಕಿ.

ಲ್ಯಾಬ್‌ಗೆ ಕೊಡೋದಾದರೆ ಡಿಸ್ಕ್‌ನ ಪೆಟ್ಟಿಗೆ ಸಮೇತ ಕೊಡಿ. ಡಬ್ಲ್ಯೂಡಿ ಮೈ ಪಾಸ್‌ಪೋರ್ಟ್‌ನ ಹಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕ್‌ನ ಬೋರ್ಡ್ ಮೇಲೇ ಇರುತ್ತೆ, ಕಂಪ್ಯೂಟರ್‌ಗೆ ನೇರವಾಗಿ ಜೋಡಿಸೋ ಸಾಟಾ ಕನೆಕ್ಟರ್ ಒಳಗೆ ಇರಲ್ಲ. ನೀವು ಪಾಸ್‌ವರ್ಡ್ ಇಡದಿದ್ದರೂ ಆ ಬೋರ್ಡ್ ಡೇಟಾವನ್ನ ಎನ್‌ಕ್ರಿಪ್ಟ್ ಮಾಡಿರಬಹುದು. ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ತಂದು ಹಾಕಿಸೋಣ ಅನ್ನೋ ಯೋಚನೇನೂ ಬಿಡಿ. ಆಯಾ ಡಿಸ್ಕ್‌ಗೆ ಮಾತ್ರ ಹೊಂದೋ ಅಳತೆಗಳು ಬೋರ್ಡ್‌ನ ರಾಮ್ (ROM) ಚಿಪ್‌ನಲ್ಲಿ ಇರ್ತವೆ. ಡಿಸ್ಕ್‌ಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಹುಡುಕಿಡಿ, ಅದೂ ಪಾಸ್‌ವರ್ಡೂ ಇಲ್ಲದೆ ಇಮೇಜ್ ಇದ್ದೂ ಉಪಯೋಗವಿಲ್ಲ.

ಹಳೇ ಡಿಸ್ಕ್‌ನ ಏನು ಮಾಡೋದು? ವಾಪಸ್ ಬಂದ ಫೈಲ್‌ಗಳನ್ನ ತೆರೆದು ನೋಡಿ, ಎರಡು ಬೇರೆ ಬೇರೆ ಕಡೆ ಇಟ್ಟ ಮೇಲೆ ಮಾತ್ರ ಅದನ್ನ ಮುಟ್ಟಿ. 05, ಸಿ5, ಸಿ6 ಮೂರೂ ಸೊನ್ನೆ ಇದ್ದರೆ ಫುಲ್ ಫಾರ್ಮ್ಯಾಟ್ ಮಾಡಿ, ಮುಗಿದ ಮೇಲೆ ಆ ಅಂಕಿಗಳನ್ನ ಮತ್ತೆ ನೋಡಿ. ಹಾಗೇ ಸೊನ್ನೆ ಉಳಿದಿದ್ದರೆ ಸಿನಿಮಾ ಹಾಕಿಕೊಳ್ಳೋಕೆ ಬಳಸಬಹುದು. ಒಂದೇ ಒಂದು ಏರಿದ್ದರೂ ಇ-ತ್ಯಾಜ್ಯಕ್ಕೆ ಕೊಡಿ.