ವಿಲ್ಲಿ ಲೋಮನ್‌ನ ಪ್ರೇಕ್ಷಕರು

ಕೇಳುಗರೆಲ್ಲರಿಗೂ ನಮಸ್ಕಾರ.

ನಾಟಕ ಮುಗಿದು ಪರದೆ ಬಿದ್ದ ಮೇಲೆ ಚಪ್ಪಾಳೆ ಕೇಳಿಸದಿದ್ದರೆ ಒಳಗೆ ನಿಂತವರಿಗೆ ಎದೆ ಧಸಕ್ಕೆನ್ನುತ್ತದೆ. ರಂಗ ಹತ್ತಿದವರಿಗೆಲ್ಲ ಇದು ಗೊತ್ತು. 1949ರ ಆರಂಭದಲ್ಲಿ ಅಮೆರಿಕದ ಫಿಲಡೆಲ್ಫಿಯಾ ಊರಿನಲ್ಲಿ ಹಾಗೇ ಆಯಿತು. ಆರ್ಥರ್ ಮಿಲ್ಲರ್ ಬರೆದ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕ ನ್ಯೂಯಾರ್ಕಿಗೆ ಹೋಗುವ ಮುಂಚೆ ಅಲ್ಲಿ ಜನರ ಮುಂದೆ ಬಂದಿತ್ತು. ಮೊದಲ ಪ್ರಯೋಗ ಮುಗಿಯಿತು. ಯಾರೂ ಕೈ ತಟ್ಟಲಿಲ್ಲ. ಕೆಲವರು ಎದ್ದು ಕೋಟು ಹಾಕಿಕೊಂಡರು, ಮತ್ತೆ ಕೂತರು. ಗಂಡಸರು ಮುಖ ಮುಚ್ಚಿಕೊಂಡು ಬಗ್ಗಿ ಕೂತಿದ್ದರು. ಕೆಲವರು ಎಲ್ಲರೆದುರೇ ಅಳುತ್ತಿದ್ದರು. ಎಷ್ಟೋ ಹೊತ್ತಾದ ಮೇಲೆ ಯಾರಿಗೋ ಚಪ್ಪಾಳೆಯ ನೆನಪಾಯಿತು. ಆಮೇಲೆ ಅದು ನಿಲ್ಲಲೇ ಇಲ್ಲ. ಇದನ್ನೆಲ್ಲ ಮಿಲ್ಲರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅವರು ಇನ್ನೊಂದು ಸಂಗತಿಯನ್ನೂ ಹೇಳುತ್ತಾರೆ. ಆ ದಿನ ಬರ್ನಾರ್ಡ್ ಗಿಂಬೆಲ್ ಎಂಬ ದೊಡ್ಡ ವ್ಯಾಪಾರಿ ನಾಟಕಕ್ಕೆ ಬಂದಿದ್ದರು. ಹಲವು ಊರುಗಳಲ್ಲಿ ಅವರ ಭಾರಿ ಅಂಗಡಿಗಳಿದ್ದವು. ವಯಸ್ಸಾಯಿತು ಅನ್ನುವ ಕಾರಣಕ್ಕೆ ತನ್ನ ಅಂಗಡಿಗಳಲ್ಲಿ ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂದು ಆ ರಾತ್ರಿಯೇ ಅವರು ಅಪ್ಪಣೆ ಮಾಡಿದರಂತೆ. ಆ ಅಪ್ಪಣೆ ಎಷ್ಟು ವರ್ಷ ನಡೆಯಿತೋ, ಬಿಡಿ. ಒಂದು ನಾಟಕ ನೋಡಿ ಮಾಲೀಕನೊಬ್ಬ ತಕ್ಷಣ ತನ್ನ ನೌಕರರ ಬಗ್ಗೆ ಯೋಚಿಸಿದ, ಅದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ವಿಲ್ಲಿ ಲೋಮನ್‌ಗೆ 63 ವರ್ಷ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮನೆ. ಒಂದೇ ಕಂಪನಿಗೆ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ಸೇಲ್ಸ್‌ಮನ್. ಕಾರಿನಲ್ಲಿ ಮಾಲಿನ ಪೆಟ್ಟಿಗೆ ಹಾಕಿಕೊಂಡು ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಕಡೆಯ ಊರೂರು ಸುತ್ತಬೇಕು. ಈಗ ಕೈ ಸಾಗುವುದಿಲ್ಲ, ಕಾರು ರಸ್ತೆ ಬಿಟ್ಟು ಹೋಗುತ್ತದೆ. ಸಂಬಳ ನಿಂತಿದೆ, ಬರೀ ಕಮಿಷನ್. ಮನೆಗೆ ತರುವ ವಾರದ ದುಡ್ಡು ಪಕ್ಕದ ಮನೆಯ ಚಾರ್ಲಿ ಕೊಟ್ಟ ಸಾಲ. ಆದರೂ ಬಾಯಲ್ಲಿ ದೊಡ್ಡ ಮಾತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಪೈಕಿ. ಹೆಂಡತಿ ಲಿಂಡಾ ಎಲ್ಲವನ್ನೂ ಬಲ್ಲವಳು. ದೊಡ್ಡ ಮಗ ಬಿಫ್‌ಗೆ 34, ಇನ್ನೂ ಎಲ್ಲೂ ನೆಲೆ ನಿಂತಿಲ್ಲ. ಚಿಕ್ಕವನು ಹ್ಯಾಪಿ, ಹೆಸರಿಗೆ ಮಾತ್ರ ಸುಖಿ. ಕೊನೆಗೆ ತಾನು ಸತ್ತರೆ 20,000 ಡಾಲರ್ ವಿಮೆ ಹಣ ಮಗನ ಕೈ ಸೇರುತ್ತದೆ ಎಂದು ಲೆಕ್ಕ ಹಾಕಿ ವಿಲ್ಲಿ ಕಾರು ಹತ್ತುತ್ತಾನೆ.

ಸಾವಿನ ವಿಚಾರ ನಾಟಕದ ಹೆಸರಿನಲ್ಲೇ ಇದೆ. ಟಿಕೆಟ್ ಕೊಳ್ಳುವಾಗಲೇ ಎಲ್ಲರಿಗೂ ಗೊತ್ತಿರುತ್ತದೆ. ಹೀಗಾಗಿ ಜನ ಅಳುವುದು ಆ ಸಾವಿಗೆ ಅಂತ ನನಗೆ ಅನ್ನಿಸುವುದಿಲ್ಲ. ವಿಮರ್ಶಕರು ಅಪ್ಪ ಮಗನ ಸಂಬಂಧದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅದೂ ನಿಜವೇ. ಆದರೆ ನನ್ನ ಮಟ್ಟಿಗೆ ಈ ನಾಟಕದ ಜೀವ ಇರುವುದು ಒಂದು ಆಫೀಸಿನ ದೃಶ್ಯದಲ್ಲಿ.

ವಿಲ್ಲಿ ಮಾಲೀಕ ಹೋವರ್ಡ್‌ನ ಕೋಣೆಗೆ ಹೋಗುತ್ತಾನೆ. ಹೋವರ್ಡ್‌ಗೆ 36 ವರ್ಷ. ಅಪ್ಪನ ಕಾಲದ ಕಂಪನಿ ಮಗನ ಕೈಗೆ ಬಂದಿದೆ. ಈ ಮಗುವಿಗೆ ಹೋವರ್ಡ್ ಅಂತ ಹೆಸರಿಡಲೋ ಎಂದು ಅವನ ಅಪ್ಪ ಅಂದು ವಿಲ್ಲಿಯನ್ನೇ ಕೇಳಿದ್ದನಂತೆ. ಈಗ ಆ ಹುಡುಗ ಮೇಜಿನ ಹಿಂದೆ ಕೂತು ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರ ತೋರಿಸುತ್ತಿದ್ದಾನೆ. ಮಗಳ ಸಿಳ್ಳೆ ಕೇಳು, ಮಗ ರಾಜಧಾನಿಗಳ ಹೆಸರು ಹೇಳುವುದನ್ನು ಕೇಳು ಅನ್ನುತ್ತಾನೆ. ವಿಲ್ಲಿ ನಕ್ಕು ಹೊಗಳಬೇಕು. ಇನ್ನು ಊರೂರು ಸುತ್ತಲು ಆಗುವುದಿಲ್ಲ, ಇಲ್ಲೇ ಏನಾದರೂ ಕೆಲಸ ಕೊಡು ಎಂದು ಕೇಳಬೇಕು. ವಾರಕ್ಕೆ 65 ಡಾಲರ್ ಸಾಕು ಅನ್ನುತ್ತಾನೆ. ಆಗುವುದಿಲ್ಲ. ಸರಿ, 50 ಆದರೆ ಹೇಗೋ ಆಗುತ್ತೆ ಅನ್ನುತ್ತಾನೆ. ಆಗುವುದಿಲ್ಲ. ಕೊನೆಗೆ 40ಕ್ಕೆ ಇಳಿಯುತ್ತಾನೆ. ತನ್ನ ಬೆಲೆಯನ್ನು ತಾನೇ ಇಳಿಸುತ್ತಾ ಹೋಗುತ್ತಾನೆ. ಜೀವನಪೂರ್ತಿ ಮಾರಿದವನಿಗೆ ಕೊನೆಗೆ ಮಾರಲು ಉಳಿದದ್ದು ತಾನೊಬ್ಬನೇ, ಅದಕ್ಕೂ ಗಿರಾಕಿ ಇಲ್ಲ. ಆಮೇಲೆ ಸಿಟ್ಟು ಬರುತ್ತದೆ. ಹಣ್ಣು ತಿಂದು ಸಿಪ್ಪೆ ಎಸೆದ ಹಾಗೆ ಮನುಷ್ಯನನ್ನು ಎಸೆಯೋದಕ್ಕೆ ಆಗಲ್ಲ ಎಂದು ಕೂಗುತ್ತಾನೆ. ಆಚೆ ಬರುವ ಹೊತ್ತಿಗೆ ಇದ್ದ ಕೆಲಸವೂ ಹೋಗಿರುತ್ತದೆ.

ಈ ದೃಶ್ಯದಲ್ಲಿ ಕೂತ ಜನ ಉಸಿರು ಬಿಗಿ ಹಿಡಿಯುತ್ತಾರೆ. ಸಂಬಳ ಜಾಸ್ತಿ ಮಾಡಿ ಎಂದು ಕೇಳಲು ಹೋದ ಯಾರಿಗೂ ಅದನ್ನು ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ?

1949ರ ಫೆಬ್ರವರಿ 10ರಂದು ನಾಟಕ ನ್ಯೂಯಾರ್ಕಿನ ಮೊರಾಸ್ಕೊ ಥಿಯೇಟರಿಗೆ ಬಂತು. ಎಲಿಯಾ ಕಜಾನ್ ನಿರ್ದೇಶನ, ಲೀ ಜೆ. ಕಾಬ್ ವಿಲ್ಲಿ. 742 ಪ್ರಯೋಗ ನಡೆಯಿತು, ಪುಲಿಟ್ಜರ್ ಪ್ರಶಸ್ತಿ ಬಂತು. ಎಲ್ಲರೂ ಅತ್ತರು ಅಂತೇನೂ ಅಲ್ಲ. ಇದು ಅಮೆರಿಕದ ಬಂಡವಾಳಶಾಹಿಯ ಕೆಳಗೆ ಇಟ್ಟ ಟೈಮ್ ಬಾಂಬು ಎಂದು ಒಬ್ಬ ಮಹಿಳೆ ಸಿಟ್ಟಾದರಂತೆ. ಹಾಗಿದ್ದರೆ ಒಳ್ಳೆಯದೇ ಅಂದುಕೊಂಡೆ ಎಂದು ಮಿಲ್ಲರ್ ಬರೆಯುತ್ತಾರೆ. ಎರಡು ವರ್ಷದ ಮೇಲೆ ಇದು ಸಿನಿಮಾ ಆದಾಗ ಇನ್ನೂ ತಮಾಷೆ. ಕೊಲಂಬಿಯಾ ಕಂಪನಿ ಇದರ ಜತೆಗೆ ತೋರಿಸಲೆಂದು ಒಂದು ಕಿರುಚಿತ್ರ ಮಾಡಿಸಿತು. ಸೇಲ್ಸ್‌ಮನ್ ಕೆಲಸ ಎಷ್ಟು ಚೆನ್ನಾಗಿದೆ, ವಿಲ್ಲಿಯಂಥವರು ಈಗ ಇಲ್ಲ ಅನ್ನುವುದು ಅದರ ಸಾರ. ಮಿಲ್ಲರ್ ಕೋರ್ಟಿಗೆ ಹೋಗುತ್ತೇನೆ ಎಂದ ಮೇಲೆ ಅದನ್ನು ಕೈಬಿಟ್ಟರು. ನಾಟಕದ ಪ್ರೇಕ್ಷಕರು ಏನು ಯೋಚಿಸಿಬಿಡುತ್ತಾರೋ ಎಂಬ ಭಯಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆಮೇಲೆ ಈ ನಾಟಕ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳಿಗೆ, ಮತ್ತೆ ಮತ್ತೆ ಬಂದಿದೆ. ವಿಲ್ಲಿಯಾಗಿ 1975ರಲ್ಲಿ ಜಾರ್ಜ್ ಸಿ. ಸ್ಕಾಟ್, 1984ರಲ್ಲಿ ಡಸ್ಟಿನ್ ಹಾಫ್‌ಮನ್. ಮೊದಲ ಪ್ರಯೋಗಕ್ಕೆ ಸರಿಯಾಗಿ 50 ವರ್ಷ ತುಂಬಿದ ದಿನ, 1999ರ ಫೆಬ್ರವರಿ 10ರಂದು, ಬ್ರಯನ್ ಡೆನ್ನಹಿ. 2012ರಲ್ಲಿ ಫಿಲಿಪ್ ಸೀಮೋರ್ ಹಾಫ್‌ಮನ್. ಪ್ರತಿ ಸಲವೂ ಪ್ರೇಕ್ಷಕರು ಮೊದಲು ಅಳತೆ ಹಾಕುವುದು ನಟನ ಮೈಯನ್ನು. ಮಿಲ್ಲರ್ ಮನಸ್ಸಿನಲ್ಲಿದ್ದ ವಿಲ್ಲಿ ಕುಳ್ಳ. ಪರಿಚಯದ ಸೇಲ್ಸ್‌ಮನ್ ಒಬ್ಬ ಅವನನ್ನು ಸೀಗಡಿ ಎಂದು ಹಂಗಿಸುವ ಮಾತಿತ್ತು. ದಢೂತಿ ಕಾಬ್ ಬಂದ ಮೇಲೆ ಅದು ಕಡಲಪ್ರಾಣಿ ವಾಲ್ರಸ್ ಆಯಿತು. ಡಸ್ಟಿನ್ ಹಾಫ್‌ಮನ್ ಬಂದಾಗ ಮತ್ತೆ ಸೀಗಡಿ. ಫಿಲಿಪ್ ಹಾಫ್‌ಮನ್‌ಗೆ ಆಗ 44 ವರ್ಷ, ಈ ಪಾತ್ರಕ್ಕೆ ಚಿಕ್ಕವನಾದ ಎಂದು ಗೊಣಗಿದವರಿದ್ದರು. ಮೊದಲ ವಿಲ್ಲಿಯಾದಾಗ ಕಾಬ್‌ಗೆ ಬರೀ 37 ಅನ್ನುವುದನ್ನು ಅವರು ಮರೆತಿದ್ದರು.

2012ರ ಪ್ರಯೋಗದಲ್ಲಿ ನಿರ್ದೇಶಕ ಮೈಕ್ ನಿಕೋಲ್ಸ್ 1949ರ ರಂಗಸಜ್ಜಿಕೆಯನ್ನೇ ಬಳಸಿದರು, ಅದೇ ಸಂಗೀತವನ್ನೂ. ಆದರೆ ಎದುರಿಗೆ ಕೂತವರು ಬೇರೆ. 2008ರ ಆರ್ಥಿಕ ಕುಸಿತದಲ್ಲಿ ಮನೆ ಸಾಲ ಕಟ್ಟಲಾಗದೆ ಲಕ್ಷಾಂತರ ಅಮೆರಿಕನ್ನರು ಮನೆ ಕಳೆದುಕೊಂಡಿದ್ದರು. ನಾಟಕದಲ್ಲಿ ಲಿಂಡಾ ಗಂಡನ ಸಮಾಧಿಯ ಮುಂದೆ ಹೇಳುತ್ತಾಳೆ, ಮನೆಯ ಕೊನೆಯ ಕಂತು ಇವತ್ತು ಕಟ್ಟಿದೆ ಅಂತ. 25 ವರ್ಷದ ಸಾಲ ತೀರಿತು, ಇರುವವರು ಯಾರೂ ಇಲ್ಲ. ಕಂತು ಕಟ್ಟಿ ಮುಗಿಸಿದ್ದೇ ಒಂದು ಭಾಗ್ಯ ಅನ್ನುವ ಕಾಲದಲ್ಲಿ ಆ ಮಾತು ಹೇಗೆ ಕೇಳಿಸಿರಬೇಕು! ಅದರ ನಡುವೆ ಇನ್ನೊಂದು ವಿಚಿತ್ರ. ಬ್ರಾಡ್‌ವೇ ಟಿಕೆಟ್ಟಿನ ಬೆಲೆ ಗೊತ್ತಲ್ಲ, ವಿಲ್ಲಿಯಂಥವನ ಕೈಗೆ ಅದು ಎಟುಕುವುದಿಲ್ಲ. ಮುಂದಿನ ಸಾಲಿನಲ್ಲಿ ಹೋವರ್ಡ್‌ಗಳೇ ಕೂತು ವಿಲ್ಲಿಗಾಗಿ ಅಳುತ್ತಾರೆ. ಗಿಂಬೆಲ್ ಹಾಗೆ ಮನೆಗೆ ಹೋಗಿ ಅಪ್ಪಣೆ ಹೊರಡಿಸಿದವರ ಸುದ್ದಿ ಮಾತ್ರ ನಾನು ಕೇಳಿಲ್ಲ.

ಈಚಿನ ಪ್ರಯೋಗಗಳಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ನಟ ವೆಂಡೆಲ್ ಪಿಯರ್ಸ್ ವಿಲ್ಲಿಯಾದದ್ದು. 2019ರಲ್ಲಿ ಲಂಡನ್ನಿನ ಯಂಗ್ ವಿಕ್ ಥಿಯೇಟರಿನಲ್ಲಿ ಶುರುವಾಗಿ, ಪಿಕಡಿಲಿ ಥಿಯೇಟರಿಗೆ ಹೋಗಿ, 2022ರಲ್ಲಿ ನ್ಯೂಯಾರ್ಕಿನ ಹಡ್ಸನ್ ಥಿಯೇಟರಿಗೆ ಬಂತು. ಲೋಮನ್ ಕುಟುಂಬದವರೆಲ್ಲ ಇಲ್ಲಿ ಕಪ್ಪು ಜನ. ಲಿಂಡಾ ಆಗಿ ಶರೋನ್ ಡಿ. ಕ್ಲಾರ್ಕ್. ಅಮೆರಿಕದ ಬೇರೆ ಊರುಗಳಲ್ಲಿ ಕಪ್ಪು ನಟರು ಈ ಪಾತ್ರ ಮಾಡಿದ್ದುಂಟು, ಬ್ರಾಡ್‌ವೇಯಲ್ಲಿ ಇದೇ ಮೊದಲು.

ನಾಟಕದ ಮಾತು ಹೆಚ್ಚು ಕಡಿಮೆ ಹಾಗೇ ಇದೆ. ಕೇಳಿಸುವುದು ಮಾತ್ರ ಬೇರೆ. ಜನ ನನ್ನನ್ನು ನೋಡಿ ನಗುತ್ತಾರೆ, ಯಾಕೋ ನನ್ನನ್ನು ಗಮನಿಸದೆ ಮುಂದೆ ಹೋಗುತ್ತಾರೆ ಎಂದು ವಿಲ್ಲಿ ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಾನೆ. 1949ರಲ್ಲಿ ಅದು ಸೋತವನೊಬ್ಬನ ಅಳಲು. ಪಿಯರ್ಸ್ ಹೇಳಿದಾಗ, ಯಾಕೆ ಅಂತ ಕೂತವರಿಗೆ ಗೊತ್ತು. ವಿಲ್ಲಿಗೆ ಮಾತ್ರ ಅದನ್ನು ಬಾಯಿಬಿಟ್ಟು ಹೇಳಲು ಮನಸ್ಸಿಲ್ಲ. ಆಫೀಸಿನ ದೃಶ್ಯ ನೆನಪಿಸಿಕೊಳ್ಳಿ. ಅಲ್ಲಿ 36ರ ಹೋವರ್ಡ್ 63ರ ಮನುಷ್ಯನನ್ನು ಎಳೆ ಹುಡುಗನನ್ನು ಕರೆದ ಹಾಗೆ 'ಕಿಡ್' ಎಂದು ಕರೆಯುತ್ತಾನೆ. ಇದು ಮಿಲ್ಲರ್ ಬರೆದ ಮಾತೇ, ಹೊಸದಾಗಿ ಸೇರಿಸಿದ್ದಲ್ಲ. ಬಿಳಿಯ ಮಾಲೀಕ, ಕಪ್ಪು ಮುದುಕ. ಇಷ್ಟು ವರ್ಷ ಯಾರ ಕಿವಿಗೂ ಬೀಳದೆ ದಾಟಿ ಹೋದ ಪದ ಈಗ ಕಪಾಳಕ್ಕೆ ಬಾರಿಸುತ್ತದೆ. ಪಕ್ಕದ ಮನೆಯ ಚಾರ್ಲಿ ಕೆಲಸ ಕೊಡುತ್ತೇನೆ ಅಂದಾಗ ವಿಲ್ಲಿ ಒಲ್ಲೆ ಅನ್ನುತ್ತಾನಲ್ಲ, ಹಳೆಯ ಪ್ರಯೋಗಗಳಲ್ಲಿ ಅದು ಬರೀ ಹೊಟ್ಟೆಕಿಚ್ಚು, ಜಂಬ. ಇಲ್ಲಿ ಚಾರ್ಲಿ ಬಿಳಿಯ. ಅವನ ಕೈಕೆಳಗೆ ದುಡಿಯಲು ಒಪ್ಪದಿರುವುದಕ್ಕೆ ಒಂದು ಇಡೀ ಚರಿತ್ರೆಯ ಭಾರ ಸೇರಿಕೊಳ್ಳುತ್ತದೆ.

ಒಪ್ಪದವರೂ ಇದ್ದರು. ಆ ಕಾಲದಲ್ಲಿ ಕಪ್ಪು ಮನುಷ್ಯನೊಬ್ಬ ನ್ಯೂ ಇಂಗ್ಲೆಂಡಿನ ಅಂಗಡಿಗಳಿಗೆ ಹೋಗಿ ಮಾಲು ಮಾರಲು ಸಾಧ್ಯವಿತ್ತಾ, ಹೋಟೆಲಿನಲ್ಲಿ ಕೋಣೆ ಸಿಗುತ್ತಿತ್ತಾ ಎಂಬ ಪ್ರಶ್ನೆ ಬಂತು. ಪ್ರಶ್ನೆ ಸರಿಯಾದದ್ದೇ. ಆದರೆ ವಿಲ್ಲಿ ಯಾವ ಮಾಲು ಮಾರುತ್ತಾನೆ ಎಂದು ಮಿಲ್ಲರ್ ನಾಟಕದಲ್ಲಿ ಎಲ್ಲೂ ಹೇಳಿಲ್ಲ. ಅಷ್ಟು ದೊಡ್ಡ ಖಾಲಿ ಜಾಗ ಬಿಟ್ಟ ನಾಟಕಕ್ಕೆ ದಾಖಲೆ ಕೇಳುವುದು ಅತಿಯಾಯಿತೇನೋ.

ಈ ಪ್ರಯೋಗದ ಪ್ರೇಕ್ಷಕರಿಗೆ ಬೇರೆ ಅನುಭವಗಳೂ ಆದವು. 2019ರ ನವೆಂಬರ್ 6ರ ರಾತ್ರಿ ಪಿಕಡಿಲಿ ಥಿಯೇಟರಿನ ಛಾವಣಿಯ ಒಂದು ಭಾಗ ಕುಸಿದು ಕೆಲವರಿಗೆ ಪೆಟ್ಟಾಯಿತು. ಅದಕ್ಕೆ ಮುಂಚೆ ನೀರು ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು, ಅದೂ ನಾಟಕದ ಭಾಗ ಅಂತಲೇ ಅಂದುಕೊಂಡೆವು ಎಂದು ನೋಡಲು ಬಂದವರು ಹೇಳಿದರು. ವಿಲ್ಲಿಯ ಮನೆಯಲ್ಲಿ ಯಾವುದು ಸೋರಿದರೂ ಆಶ್ಚರ್ಯವಿಲ್ಲ ಬಿಡಿ, ಫ್ರಿಜ್‌ನಿಂದ ಹಿಡಿದು ಎಲ್ಲ ಕೆಟ್ಟದ್ದೇ. ನ್ಯೂಯಾರ್ಕಿನಲ್ಲಿ 2022ರ ಡಿಸೆಂಬರ್‌ನಲ್ಲಿ ಪ್ರೇಕ್ಷಕರೊಬ್ಬರು ಗಲಾಟೆ ಮಾಡಿದಾಗ ಪಿಯರ್ಸ್ ನಾಟಕ ನಿಲ್ಲಿಸಿ, ರಂಗದ ಮೇಲಿಂದಲೇ ಅವರನ್ನು ಸಮಾಧಾನ ಮಾಡಲು ನೋಡಿದರು.

ಲಿಂಡಾಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದಿನವರಿಗೆ ಅವಳು ಆದರ್ಶ ಹೆಂಡತಿ. ಈಗ ನೋಡುವ ಹೆಂಗಸರಿಗೆ ಅವಳ ಮೇಲೆ ಸಿಟ್ಟು ಬಂದರೆ ಅದು ಸಹಜ. ಗಂಡ ಬಾಸ್ಟನ್ನಿನ ಹೋಟೆಲಿನಲ್ಲಿ ಇನ್ನೊಬ್ಬಳಿಗೆ ಹೊಸ ಕಾಲುಚೀಲ ಕೊಡುತ್ತಾನೆ, ಇವಳು ಮನೆಯಲ್ಲಿ ಹರಿದದ್ದನ್ನು ಹೊಲಿಯುತ್ತಾ ಕೂರುತ್ತಾಳೆ. ಅವನು ಸಾಯಲು ಇಟ್ಟುಕೊಂಡ ರಬ್ಬರ್ ಕೊಳವೆ ಕಣ್ಣಿಗೆ ಬಿದ್ದರೂ, ಅವನಿಗೆ ಅವಮಾನ ಆಗುತ್ತೆ ಅಂತ ಸುಮ್ನೆ ಇರುತ್ತಾಳೆ. ಕೇಳಬಾರದಿತ್ತಾ ಎಂದು ನನಗೂ ಪ್ರತಿ ಸಲ ಅನ್ನಿಸುತ್ತದೆ. ಹಾಗಂತ ಅವಳು ಮೆತ್ತಗಿನವಳಲ್ಲ. ಅಪ್ಪನನ್ನು ಕಡೆಗಣಿಸಿದ ಮಕ್ಕಳಿಗೆ ಅವಳು ಬಯ್ಯುವ ದೃಶ್ಯದಲ್ಲಿ ಥಿಯೇಟರಿನಲ್ಲಿ ಎಷ್ಟು ಮಕ್ಕಳು ತಲೆ ತಗ್ಗಿಸಿರಬಹುದೋ!

ಇನ್ನು ಬೀಜಿಂಗ್. 1983ರಲ್ಲಿ ಮಿಲ್ಲರ್ ಚೀನಾಕ್ಕೆ ಹೋಗಿ ಅಲ್ಲಿನ ನಟರ ಜತೆ ಚೀನೀ ಭಾಷೆಯಲ್ಲಿ ಈ ನಾಟಕ ಮಾಡಿಸಿದರು. ಅವರಿಗೆ ಆ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ. ಅನುವಾದ ಮಾಡಿದವರೂ ವಿಲ್ಲಿ ಆದವರೂ ಯಿಂಗ್ ರುಓಚಂಗ್. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಜೈಲು ಕಂಡು ಬಂದ ಮನುಷ್ಯ. ನಟರು ಅಮೆರಿಕನ್ನರ ಹಾಗೆ ಕಾಣಲು ವಿಗ್ ಹಾಕುವುದು ಬೇಡ, ಚೀನೀಯರಾಗಿಯೇ ಇರಿ ಎಂದು ಮಿಲ್ಲರ್ ಪಟ್ಟು ಹಿಡಿದರು. ಅಲ್ಲಿ ಆಗ ಊರೂರು ಸುತ್ತುವ ಸೇಲ್ಸ್‌ಮನ್ ಇರಲಿಲ್ಲ. ಜೀವವಿಮೆ ಅಂದರೇನು ಎಂದು ತಿಳಿದವರು ಕಡಿಮೆ. ಕಂತಿನ ಮನೆ ಇರಲಿಲ್ಲ. ಹಾಗಿದ್ದೂ ಜನಕ್ಕೆ ನಾಟಕ ತಟ್ಟಿತು, ಚಪ್ಪಾಳೆ ಬಿತ್ತು. ಮಗ ಡ್ರ್ಯಾಗನ್ ಆಗಲಿ ಎಂದು ಹಾರೈಸುವುದು ಚೀನೀಯರ ಹಳೆಯ ಮಾತು. ಮಗನ ಮೇಲೆ ಅಷ್ಟು ಆಸೆ ಹೇರಿದ ಅಪ್ಪ ಅವರಿಗೆ ಪರದೇಶದವನಾಗಿ ಕಾಣಲಿಲ್ಲ. ಆಫೀಸಿನ ದೃಶ್ಯವೇ ನಾಟಕದ ಜೀವ ಎಂಬ ನನ್ನ ವಾದ ಇಲ್ಲಿ ಸ್ವಲ್ಪ ಅಲುಗಾಡುತ್ತದೆ, ಒಪ್ಪುತ್ತೇನೆ. ಬೀಜಿಂಗಿನಲ್ಲಿ ಗೆದ್ದದ್ದು ಹೋವರ್ಡ್ ಅಲ್ಲ, ಬಿಫ್.

ಎಲ್ಲಕ್ಕಿಂತ ನನಗೆ ಇಷ್ಟವಾದ ಪ್ರತಿಕ್ರಿಯೆ ನಾಟಕದವರ ನಡುವೆ ಹಳೆಯ ಕಾಲದಿಂದ ಓಡಾಡುತ್ತಿರುವ ಒಂದು ಕಥೆ. ಇಬ್ಬರು ಸೇಲ್ಸ್‌ಮನ್‌ಗಳು ನಾಟಕ ನೋಡಿ ಹೊರಗೆ ಬಂದರಂತೆ. ಒಬ್ಬ ಇನ್ನೊಬ್ಬನಿಗೆ ಹೇಳಿದನಂತೆ, ಆ ನ್ಯೂ ಇಂಗ್ಲೆಂಡ್ ಕಡೆ ಯಾವತ್ತೂ ವ್ಯಾಪಾರ ಆಗಿದ್ದಿಲ್ಲ ಬಿಡು ಅಂತ. ನಮ್ಮ ಕಡೆಯ ಮೆಡಿಕಲ್ ರೆಪ್‌ಗಳ ಕಿವಿಗೆ ಬಿದ್ದರೆ ಅವರು ಈ ಮಾತಿಗೆ ತಲೆಯಾಡಿಸಿಯೇ ಆಡಿಸುತ್ತಾರೆ.

ನ್ಯೂಯಾರ್ಕಿಗೆ ಹೋಗಿ ನೋಡಲಾಗದವರಿಗೂ ದಾರಿ ಇದೆ. 1966ರಲ್ಲಿ ಲೀ ಜೆ. ಕಾಬ್ ಮತ್ತು ಮೊದಲ ಲಿಂಡಾ ಮಿಲ್ಡ್ರೆಡ್ ಡನ್ನಕ್ ಟಿವಿಗಾಗಿ ಮಾಡಿದ ಪ್ರಯೋಗವಿದೆ. ಡಸ್ಟಿನ್ ಹಾಫ್‌ಮನ್ ಅವರ 1985ರ ಟಿವಿ ಚಿತ್ರವೂ ಇದೆ. ಒಬ್ಬರೇ ನೋಡಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿ. ಆಮೇಲೆ ವಿಲ್ಲಿಯದು ತಪ್ಪೋ ಹೋವರ್ಡ್‌ನದು ತಪ್ಪೋ ಎಂದು ಕೇಳಿ. ಊಟ ಸ್ವಲ್ಪ ತಡವಾಗುತ್ತೆ, ಅಷ್ಟೇ. ನಮಸ್ಕಾರ.